ಎರಡು ವಾರದ ಅಕ್ಕಿ

ಭಾಗ 1

ಮೊದಲ ಚಿತ್ರ ಸ್ವಲ್ಪ ಹತ್ತಿರದಿಂದ ನೋಡಿ. ಐದು ಪೈಸೆಯ ಅಂಚೆಚೀಟಿ. ಕೆಳಗಿರೋದು ಕುಟುಂಬ ಯೋಜನೆಯ ಚಿತ್ರ, ಅದರ ಮೇಲೆ ಹೊಡೆದಿರೋದು ‘ನಿರಾಶ್ರಿತರ ನೆರವು’ ಅನ್ನೋ ಮುದ್ರೆ. 1971ರ ನವೆಂಬರ್ 15ರಿಂದ ಧಾರವಾಡದಿಂದ ಮೈಸೂರಿಗೆ ಕಾಗದ ಹಾಕಿದರೂ ಮಾಮೂಲಿ ಚೀಟಿಯ ಪಕ್ಕದಲ್ಲಿ ಇದನ್ನೂ ಅಂಟಿಸಬೇಕಿತ್ತು. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ರೈಲು ಟಿಕೆಟ್ಟು, ವಿಮಾನದ ಟಿಕೆಟ್ಟು, ದಿನಪತ್ರಿಕೆಗಳ ಮೇಲೂ ಇದೇ ಕಾರಣಕ್ಕೆ ತೆರಿಗೆ ಬಿತ್ತು. ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲಿ ಆ ಕಾಲದ ಕಾಗದಗಳಿದ್ದರೆ ಒಮ್ಮೆ ತಿರುವಿ ಹಾಕಿ, ಸಿಕ್ಕರೂ ಸಿಗಬಹುದು.

ಆ ದುಡ್ಡು ಹೋಗ್ತಾ ಇದ್ದದ್ದು ಪೂರ್ವ ಪಾಕಿಸ್ತಾನದಿಂದ ಓಡಿ ಬಂದವರ ಅನ್ನಕ್ಕೆ. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಕಾರ್ಯಾಚರಣೆ ಶುರು ಮಾಡಿದ ಮೇಲೆ, ಡಿಸೆಂಬರ್ ಹೊತ್ತಿಗೆ ಭಾರತ ಸರ್ಕಾರದ ಲೆಕ್ಕದಲ್ಲಿ ಬಂದವರು 98,99,305 ಜನ. ಒಂದು ಕೋಟಿಗೆ ಒಂದು ಲಕ್ಷ ಕಮ್ಮಿ. 825 ಶಿಬಿರಗಳಲ್ಲಿ ಸುಮಾರು 68 ಲಕ್ಷ, ಉಳಿದವರು ನೆಂಟರ ಮನೆ, ಪರಿಚಯದವರ ಹಿತ್ತಿಲು.

ಬಂದ ಕಥೆ ನೀವು ಕೇಳಿರ್ತೀರಿ. ಯುದ್ಧದ ಕಥೆಯಂತೂ ಸಿನಿಮಾದಲ್ಲೇ ನೋಡಿದೀರಿ. ನಾನು ಬರೀತಿರೋದು ಅವರು ವಾಪಸ್ ಹೋದ ಕಥೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಸಾಲು ಸಿಕ್ಕಿದರೆ ಹೆಚ್ಚು.

ಭಾಗ 2

ಎರಡನೇ ಚಿತ್ರಕ್ಕೆ ಬನ್ನಿ. ಕಲ್ಕತ್ತದ ಸಾಲ್ಟ್ ಲೇಕ್. ಈಗ ಅದು ಶ್ರೀಮಂತರ ಬಡಾವಣೆ, ಆಗ ಕೆಲಸ ನಡೀತಿದ್ದ ಖಾಲಿ ಬಯಲು. ಚರಂಡಿಗೆಂದು ತಂದಿಟ್ಟ ದೊಡ್ಡ ಸಿಮೆಂಟ್ ಪೈಪುಗಳೊಳಗೆ ಸಂಸಾರಗಳು. ರಘು ರಾಯ್ ತೆಗೆದ ನಿರಾಶ್ರಿತರ ಫೋಟೊಗಳನ್ನ ನೋಡಿದವರಿಗೆ ಆ ಪೈಪುಗಳು ಮರೆಯಲ್ಲ. ಇದೊಂದೇ ಶಿಬಿರದಲ್ಲಿ ಎರಡೂವರೆ ಲಕ್ಷದಷ್ಟು ಜನ ಇದ್ದರು.

ತ್ರಿಪುರಾದ ಪಾಡು ಇನ್ನೂ ವಿಚಿತ್ರ. 1971ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ ಹದಿನೈದೂವರೆ ಲಕ್ಷ, ಬಂದವರು ಸುಮಾರು 14 ಲಕ್ಷ. ಮನೆಯವರಷ್ಟೇ ನೆಂಟರು ಅಂದ ಹಾಗೆ. ಅಲ್ಲಿಂದ ಜನರನ್ನು ಗುವಾಹಟಿಗೆ ಸಾಗಿಸೋಕೆ ವಿಮಾನ ಬೇಕಾಯ್ತು. ಅಮೆರಿಕದ ಸಿ-130 ವಿಮಾನಗಳೂ ಈ ಕೆಲಸ ಮಾಡಿದವು: ಹೋಗುವಾಗ ಜನ, ಬರುವಾಗ ಅಕ್ಕಿ. ಅದೇ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ನಿಕ್ಸನ್ ಯಾಹ್ಯಾ ಖಾನರ ಬೆನ್ನಿಗೆ ನಿಂತಿದ್ದರು ಅನ್ನೋದನ್ನೂ ನೆನಪಿಡಿ. ರಾಜಕೀಯ ಅಂದರೆ ಹೀಗೇ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ದಿಲ್ಲಿಯ ಸರ್ಕಾರ ಮೊದಲ ತಿಂಗಳಿಂದಲೇ ಒಂದು ಮಾತಿಗೆ ಅಂಟಿಕೊಂಡಿತ್ತು: ಇವರು ನೆಲೆಸೋಕೆ ಬಂದವರಲ್ಲ, ಹೋಗಬೇಕಾದವರು. ಮಾರ್ಚ್ 25ಕ್ಕೆ ಮುಂಚೆ ಬಂದವರ ಲೆಕ್ಕವೇ ಬೇರೆ, ಆಮೇಲೆ ಬಂದವರ ಲೆಕ್ಕವೇ ಬೇರೆ. ಹಾಗಾಗಿ ಶಿಬಿರಗಳೆಲ್ಲ ತಾತ್ಕಾಲಿಕ: ಟಾರ್ಪಾಲು, ಬಿದಿರು, ಹುಲ್ಲು. ಭೂಮಿ ಕೊಡೋ ಮಾತಿಲ್ಲ. ಇದು ಬರೀ ಔದಾರ್ಯ ಅಲ್ಲ, ಭಯವೂ ಹೌದು. 1947ರಿಂದ ಬಂದವರಿಗೇ ಬಂಗಾಳದಲ್ಲಿ ಇನ್ನೂ ನೆಲೆ ಸಿಕ್ಕಿರಲಿಲ್ಲ.

ಈ ಕೆಲಸದ ನಿರ್ವಹಣೆಗೆ ಕೇಂದ್ರದ ಪುನರ್ವಸತಿ ಇಲಾಖೆ ಕಲ್ಕತ್ತದಲ್ಲೇ ಒಂದು ಶಾಖಾ ಕಚೇರಿ ತೆರೆಯಿತು. ಮುಖ್ಯಸ್ಥರು ಕರ್ನಲ್ ಪಿ. ಎನ್. ಲೂತ್ರಾ. ವಿಶ್ವಸಂಸ್ಥೆಯ ಕಡೆಯಿಂದ ಮಹಾಕಾರ್ಯದರ್ಶಿ ಊ ಥಾಂಟ್ ಏಪ್ರಿಲ್ ಕೊನೆಯಲ್ಲಿ ನಿರಾಶ್ರಿತರ ಹೈಕಮಿಷನರ್ ಸದ್ರುದ್ದೀನ್ ಆಗಾ ಖಾನ್ ಅವರ ಕಚೇರಿಯನ್ನು ಸಮನ್ವಯದ ಕೇಂದ್ರ ಮಾಡಿದರು. ದುಡ್ಡು ಎತ್ತೋದು, ಯುನಿಸೆಫ್, ಆಹಾರ ಕಾರ್ಯಕ್ರಮ, ಆರೋಗ್ಯ ಸಂಸ್ಥೆ ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸೋದು ಅವರ ಕೆಲಸ. ಶಿಬಿರ ನಡೆಸೋದು ನಮ್ಮ ಜಿಲ್ಲಾಧಿಕಾರಿಗಳು, ಸ್ವಯಂಸೇವಕರು, ವೈದ್ಯರ ಪಾಲಿಗೆ ಬಂತು. ಬನಗಾಂವ್‌ನಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನೋಬಿಸ್ ಉಪ್ಪು-ಗ್ಲೂಕೋಸಿನ ನೀರು ಕುಡಿಸಿ ಸಾವಿನ ಪ್ರಮಾಣವನ್ನು ಶೇಕಡ 30ರ ಆಸುಪಾಸಿನಿಂದ 4ಕ್ಕಿಂತ ಕೆಳಗೆ ಇಳಿಸಿದ್ದು ಇದೇ ಹೊತ್ತಿನಲ್ಲಿ. ಇವತ್ತು ಮೆಡಿಕಲ್ ಅಂಗಡಿಯಲ್ಲಿ ಓಆರ್‌ಎಸ್ ಪೊಟ್ಟಣ ಕೊಳ್ತೀರಲ್ಲ, ಅದರ ದೊಡ್ಡ ಪರೀಕ್ಷೆ ನಡೆದದ್ದು ಆ ಶಿಬಿರದಲ್ಲಿ.

ಭಾಗ 3

ಈಗ ಕೇಳಿ. ‘ವಾಪಸ್ ಬನ್ನಿ’ ಅಂತ ಮೊದಲು ಕರೆದದ್ದು ಯಾರು ಗೊತ್ತಾ? ಯಾಹ್ಯಾ ಖಾನ್. ಮೇ ತಿಂಗಳಲ್ಲೇ. ಗಡಿಯುದ್ದಕ್ಕೂ ಸ್ವಾಗತ ಕೇಂದ್ರಗಳನ್ನು ತೆರೆಸಿದರು. ಅಲ್ಲಿ ಊಟ ಇತ್ತು, ಔಷಧಿ ಇತ್ತು, ಮನೆಗೆ ಹೋಗೋಕೆ ವಾಹನದ ಏರ್ಪಾಡೂ ಇತ್ತು. ಜೂನ್‌ನಲ್ಲಿ ಸದ್ರುದ್ದೀನ್ ಪೂರ್ವ ಪಾಕಿಸ್ತಾನಕ್ಕೆ ಹೋಗಿ ಬಂದರು. ಸೆಪ್ಟೆಂಬರಿನಲ್ಲಿ ಕ್ಷಮಾದಾನವೂ ಘೋಷಣೆಯಾಯ್ತು. ಊ ಥಾಂಟ್ ಗಡಿಯ ಎರಡೂ ಕಡೆ ವಿಶ್ವಸಂಸ್ಥೆಯ ಪ್ರತಿನಿಧಿಗಳನ್ನು ಇಡೋಣ ಅಂದರು, ಭಾರತ ಒಪ್ಪಲಿಲ್ಲ. ತೊಂದರೆ ಇರೋದು ಗಡಿಯಲ್ಲಲ್ಲ, ಢಾಕಾದಲ್ಲಿ ಅನ್ನೋದು ಭಾರತದ ವಾದ. ಮುಕ್ತಿಬಾಹಿನಿಗೆ ಗಡಿಯಲ್ಲಿ ತಾನು ಕೊಡ್ತಿದ್ದ ತರಬೇತಿ ಯಾರ ಕಣ್ಣಿಗೂ ಬೀಳೋದು ಬೇಡ ಅನ್ನೋದೂ ಒಳಗಿದ್ದೀತು.

ಕೇಂದ್ರಗಳು ಹೆಚ್ಚುಕಡಿಮೆ ಖಾಲಿಯಾಗೇ ಉಳಿದವು. ಹೋದವರಿಗಿಂತ ಹೊಸದಾಗಿ ಬರ್ತಿದ್ದವರೇ ಎಷ್ಟೋ ಪಟ್ಟು ಹೆಚ್ಚು. ಊರು ಸುಟ್ಟ ಸೇನೆಯೇ ಗಡಿಯಲ್ಲಿ ಅನ್ನದ ತಟ್ಟೆ ಹಿಡಿದು ನಿಂತರೆ ನೀವಾದರೂ ಹೋಗ್ತಿದ್ರಾ?

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ. ಆ ವಾರದಲ್ಲೇ ಜನ ನಡೆಯೋಕೆ ಶುರು ಮಾಡಿದರು, ಯಾರ ಆದೇಶಕ್ಕೂ ಕಾಯಲಿಲ್ಲ. ಜೆಸ್ಸೋರ್ ರಸ್ತೆ, ಅದೇ ರಸ್ತೆ, ಈಗ ಮುಖ ಪೂರ್ವಕ್ಕೆ. ಸರ್ಕಾರದ ವ್ಯವಸ್ಥಿತ ಯೋಜನೆ ಜಾರಿಗೆ ಬಂದದ್ದು 1972ರ ಜನವರಿ 1ರಿಂದ. ಒಂದು ಹಂತದಲ್ಲಿ ದಿನಕ್ಕೆ ಎರಡು ಲಕ್ಷಕ್ಕೂ ಮೇಲೆ ಜನ ಗಡಿ ದಾಟಿದರು. ಒಂದು ದಿನಕ್ಕೆ! ಲಾರಿ, ಸೈಕಲ್ ರಿಕ್ಷಾ, ದೋಣಿ, ಬಹುಪಾಲು ಕಾಲ್ನಡಿಗೆ. ದೂರದ ಮಧ್ಯಪ್ರದೇಶದ ಶಿಬಿರಗಳಲ್ಲಿದ್ದ ಎರಡು ಲಕ್ಷಕ್ಕೂ ಹೆಚ್ಚು ಜನರ ಪ್ರಯಾಣವಂತೂ ರೈಲಿಲ್ಲದೆ ಆಗುವಂಥದ್ದಲ್ಲ. ಫೆಬ್ರವರಿ ಮುಗಿಯೋ ಹೊತ್ತಿಗೆ 90 ಲಕ್ಷಕ್ಕೂ ಹೆಚ್ಚು ಜನ ಹೋಗಿಯಾಗಿತ್ತು. ಮಾರ್ಚ್ 25ಕ್ಕೆ, ಸರಿಯಾಗಿ ಒಂದು ವರ್ಷಕ್ಕೆ, ಉಳಿದವರು ಸುಮಾರು 60 ಸಾವಿರ ಅಂತ ಭಾರತ ಹೇಳಿತು.

ಇಷ್ಟು ಜನ ಇಷ್ಟು ಬೇಗ ವಾಪಸಾದದ್ದು ಜಗತ್ತಿನ ಇತಿಹಾಸದಲ್ಲೇ ಅಪರೂಪ. ಅಧಿಕಾರಿಗಳ ದಕ್ಷತೆಗೆ ಸಲ್ಲಬೇಕಾದ ಶಹಬ್ಬಾಸ್ ಸಲ್ಲಲಿ. ಆದರೆ ಜೂನಿನಲ್ಲೂ ಏರ್ಪಾಡು ಇತ್ತು, ಜನವರಿಯಲ್ಲೂ ಇತ್ತು. ನಡುವೆ ಬದಲಾದದ್ದು ಕೋವಿ ಹಿಡಿದವನು ಯಾರು ಅನ್ನೋದು ಮಾತ್ರ.

ಭಾಗ 4

ಹೊರಡುವಾಗ ಅವರ ಕೈಗೆ ಕೊಟ್ಟದ್ದು ಏನು? ದಾರಿಗೆ ಊಟ, ಬೇಕಾದವರಿಗೆ ಔಷಧಿ, ಮತ್ತೆ ಎರಡು ವಾರಕ್ಕಾಗುವಷ್ಟು ರೇಷನ್.

ಎರಡು ವಾರ. ರೈತಾಪಿ ಮನೆಯಿಂದ ಬಂದ ನಿಮಗೆ ಇದರ ಅರ್ಥ ಬೇಗ ಆಗುತ್ತೆ. ಬಂಗಾಳದ ದೊಡ್ಡ ಬೆಳೆ ‘ಆಮನ್’ ಭತ್ತ, ಕೊಯ್ಲು ನವೆಂಬರ್-ಡಿಸೆಂಬರ್. ನಾಟಿಯ ಕಾಲದಲ್ಲಿ ಇವರು ಶಿಬಿರದಲ್ಲಿದ್ದರು, ಹಾಗಾಗಿ ಕೊಯ್ಯೋಕೆ ಏನೂ ಇಲ್ಲ. ಮುಂದಿನದು ‘ಬೋರೊ’, ಚಳಿಗಾಲದಲ್ಲಿ ನಾಟಿ, ಏಪ್ರಿಲ್-ಮೇನಲ್ಲಿ ಕೊಯ್ಲು. ಅಂದರೆ ಜನವರಿ ಕೊನೆಗೆ ಊರು ಮುಟ್ಟಿದವನು ಬೀಜ, ಎತ್ತು, ನೇಗಿಲು ಎಲ್ಲ ಅಣಿ ಮಾಡಿಕೊಂಡು ತಕ್ಷಣ ಗದ್ದೆಗೆ ಇಳಿದರೂ ಮೂರು ತಿಂಗಳು ಕಾಯಬೇಕು. ಅಕ್ಕಿ ಎರಡು ವಾರಕ್ಕೆ. ಎತ್ತು ಇಲ್ಲ. ಮನೆ ಸುಟ್ಟಿದೆ. ಜೂನ್‌ಗೆ ಮಳೆ.

ಅಕ್ಕಿ ಹೊರಗಿಂದ ತರೋಣ ಅಂದರೆ ದಾರಿ ಎಲ್ಲಿ? ಪದ್ಮಾ ನದಿಯ ಹಾರ್ಡಿಂಜ್ ಸೇತುವೆ ಯುದ್ಧದಲ್ಲಿ ಮುರಿದಿತ್ತು. ಭಾರತದ ರೈಲ್ವೆ ಎಂಜಿನಿಯರುಗಳ ನೆರವಿನಿಂದ ಅದು ಮತ್ತೆ ತೆರೆದದ್ದು 1972ರ ಅಕ್ಟೋಬರಿನಲ್ಲಿ. ಚಿತ್ತಗಾಂಗ್ ಬಂದರಿನ ತುಂಬ ಸಿಡಿಗುಂಡುಗಳು, ಮುಳುಗಿದ ಹಡಗುಗಳು. ಅದನ್ನು ಬಿಡಿಸೋಕೆ ಸೋವಿಯತ್ ನೌಕಾಪಡೆ ಬಂತು. ಹೊಸ ಸರ್ಕಾರದ ಪರಿಹಾರ ಸಚಿವ ಕಮರುಝ್ಝಮಾನ್ ಅವರ ಮುಂದೆ ಇದ್ದದ್ದು ಭಾರತದಿಂದ ಬಂದವರು ಮಾತ್ರ ಅಲ್ಲ, ದೇಶದೊಳಗೇ ಊರು ಬಿಟ್ಟು ಓಡಿ ವಾಪಸಾದ ಅಸಂಖ್ಯ ಜನ ಕೂಡ. ವಿಶ್ವಸಂಸ್ಥೆ ಢಾಕಾದಲ್ಲಿ ಪ್ರತ್ಯೇಕ ಪರಿಹಾರ ಕಾರ್ಯಾಚರಣೆಯನ್ನೇ ನಡೆಸಬೇಕಾಯ್ತು. ಅದನ್ನು ಸರ್ ರಾಬರ್ಟ್ ಜಾಕ್ಸನ್ ಮುನ್ನಡೆಸಿದರು.

ಐದನೇ ಚಿತ್ರ ಸಿಲ್ಹೆಟ್ ಸೀಮೆಯ ಶಾಲ್ಲಾ. ವರ್ಷದಲ್ಲಿ ಅರ್ಧ ಭಾಗ ನೀರಿನಡಿ ಇರೋ ಊರುಗಳು, ಬೆಳೆಯೋದು ಬೋರೊ ಒಂದೇ. ಹಿಂದೂಗಳು ಹೆಚ್ಚಿದ್ದ ಜಾಗ, ಹಾಗಾಗಿ ಹಾನಿಯೂ ಹೆಚ್ಚು. ಅಲ್ಲಿಗೆ ಫೆಬ್ರವರಿಯಲ್ಲಿ ಬಂದವರು ಫಜ್ಲೆ ಹಸನ್ ಅಬೇದ್. ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಲಂಡನ್ನಿನ ತಮ್ಮ ಫ್ಲಾಟ್ ಮಾರಿದ ದುಡ್ಡು ಇಟ್ಟುಕೊಂಡು ಶುರು ಮಾಡಿದರು. ಗಡಿಯಾಚೆಯಿಂದ ಬಿದಿರು ಕೊಂಡು ನದಿಯಲ್ಲಿ ತೇಲಿಸಿ ತರಿಸಿದರು. ಸಾವಿರಾರು ಮನೆ ಎದ್ದವು, ಮೀನುಗಾರರಿಗೆ ನೂರಾರು ದೋಣಿ ಕಟ್ಟಿದರು. ಅಕ್ಕಿ ಹಂಚೋದಕ್ಕಿಂತ ದೋಣಿ ಕಟ್ಟಿಕೊಡೋದು ಜಾಣತನ ಅಂತ ನನಗನಿಸುತ್ತೆ. ದೋಣಿಗೆ ಎರಡು ವಾರದ ಗಡುವಿಲ್ಲ. ಆ ಸಣ್ಣ ಸಮಿತಿಯೇ ಬ್ರ್ಯಾಕ್. ಮುಂದೆ ಜಗತ್ತಿನ ಅತಿ ದೊಡ್ಡ ಸ್ವಯಂಸೇವಾ ಸಂಸ್ಥೆಗಳಲ್ಲಿ ಒಂದಾಯ್ತು.

ಭಾಗ 5

ಮನೆಯೇನೋ ಕಟ್ಟಬಹುದು. ಜಮೀನು?

ಓಡಿಬಂದವರಲ್ಲಿ ಬಹುಪಾಲು ಹಿಂದೂಗಳು. 1965ರ ಯುದ್ಧದ ಹೊತ್ತಿಗೆ ಪಾಕಿಸ್ತಾನ ‘ಶತ್ರು ಆಸ್ತಿ’ ಅನ್ನೋ ಕಾನೂನು ತಂದಿತ್ತು. ಭಾರತಕ್ಕೆ ಹೋದವರ ಜಮೀನು ಸರ್ಕಾರದ ವಶಕ್ಕೆ. ಪಾಕಿಸ್ತಾನ ಹೋಯ್ತು, ಕಾನೂನು ಮಾತ್ರ ಹೋಗಲಿಲ್ಲ. 1974ರಲ್ಲಿ ಹೆಸರು ಬದಲಾಗಿ ‘ವಹಿಸಿಕೊಂಡ ಆಸ್ತಿ’ ಆಯ್ತು. ಸ್ವತಂತ್ರ ಬಾಂಗ್ಲಾದೇಶಕ್ಕೆ ನಂಬಿಕೊಂಡು ನಡೆದು ಬಂದವರ ಎಷ್ಟೋ ಮನೆತನಗಳು ಮುಂದಿನ ದಶಕಗಳಲ್ಲಿ ಇದೇ ಕಾನೂನಿನಡಿ ಗದ್ದೆ ಕಳೆದುಕೊಂಡವು. ಆಸ್ತಿ ಹಿಂತಿರುಗಿಸೋ ಕಾಯಿದೆ ಬಂದದ್ದು 2001ರಲ್ಲಿ. ಗಡಿಯಲ್ಲಿ ತಲೆ ಎಣಿಸಿದ ರಿಜಿಸ್ಟರಿನಲ್ಲಿ ಮಾತ್ರ ಇವರೆಲ್ಲ ‘ವಾಪಸಾದವರು’. ಆ ಲೆಕ್ಕ ಅಲ್ಲಿಗೆ ಮುಗೀತು.

ಇನ್ನೊಂದು ಗುಂಪನ್ನು ಮರೆತರೆ ಅನ್ಯಾಯ. ಬಾಂಗ್ಲಾದೇಶದಲ್ಲಿ ಸಿಕ್ಕಿಬಿದ್ದ ಉರ್ದು ಮಾತಾಡೋ ‘ಬಿಹಾರಿ’ಗಳು, ಪಾಕಿಸ್ತಾನದಲ್ಲಿ ಸಿಕ್ಕಿಬಿದ್ದ ಬಂಗಾಳಿಗಳು. 1973ರ ಆಗಸ್ಟಿನ ದಿಲ್ಲಿ ಒಪ್ಪಂದದ ಮೇಲೆ ವಿಮಾನಗಳಲ್ಲಿ ಅತ್ತಿಂದಿತ್ತ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿದರು. ಆದರೆ ಪಾಕಿಸ್ತಾನ ಎಲ್ಲ ಬಿಹಾರಿಗಳನ್ನೂ ತೆಗೆದುಕೊಳ್ಳಲಿಲ್ಲ. ಢಾಕಾದ ಮಹಮ್ಮದ್‌ಪುರದ ಜಿನೀವಾ ಕ್ಯಾಂಪಿನಲ್ಲಿ ಅವರ ಮೊಮ್ಮಕ್ಕಳು ಈಗಲೂ ಇದ್ದಾರೆ. ಅವರೂ ಬಾಂಗ್ಲಾದೇಶದ ಪ್ರಜೆಗಳೇ ಅಂತ ಅಲ್ಲಿನ ಹೈಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2008ರಲ್ಲಿ.

ಭಾಗ 6

ಕೊನೆಗೆ ಆ ದಿನಾಂಕದ ಮಾತು. 1971, ಮಾರ್ಚ್ 25. ಅನ್ನ ಹಾಕೋ ಲೆಕ್ಕಕ್ಕೆ ಎಳೆದ ಗೆರೆ 1985ರ ಅಸ್ಸಾಂ ಒಪ್ಪಂದದಲ್ಲಿ ವಿದೇಶಿಯರನ್ನು ಗುರುತಿಸೋ ಗೆರೆಯಾಗಿ ಮತ್ತೆ ಬಂತು. 2019ರಲ್ಲಿ ಅಲ್ಲಿನ ಪೌರತ್ವ ಪಟ್ಟಿಯಿಂದ 19 ಲಕ್ಷ ಜನ ಹೊರಗುಳಿದದ್ದು ಅಜ್ಜನ ಕಾಗದ ಆ ದಿನಾಂಕಕ್ಕಿಂತ ಹಿಂದಿನದ್ದು ಅಂತ ತೋರಿಸೋಕೆ ಆಗದೆ.

ಗೆರೆಯ ಈಚೆಗೆ ಬಿದ್ದವರನ್ನು ನೋಡಬೇಕಾದರೆ ನೀವು ಅಸ್ಸಾಮಿಗೆ ಹೋಗಬೇಕಿಲ್ಲ. ಕೊನೆಯ ಚಿತ್ರ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್‌ಎಚ್ ಕ್ಯಾಂಪ್. ಪೂರ್ವ ಪಾಕಿಸ್ತಾನದಿಂದ ಮುಂಚೆಯೇ ಬಂದಿದ್ದ ಬಂಗಾಳಿ ಕುಟುಂಬಗಳಿಗೆ ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಸರ್ಕಾರ ಭೂಮಿ ಕೊಟ್ಟಿತು. ಇವರನ್ನು ವಾಪಸ್ ಹೋಗಿ ಅಂತ ಯಾರೂ ಕರೆಯಲಿಲ್ಲ. ಪೌರತ್ವದ ಪತ್ರಕ್ಕಾಗಿ ದಶಕಗಳ ಕಾಲ ಕಾದವರು ಅಲ್ಲೂ ಇದ್ದಾರೆ. ಭತ್ತ ಬೆಳೀತಾರೆ. ಕ್ಯಾಂಪಿನ ಅಂಗಡಿ ಮುಂದೆ ಎರಡು ನಿಮಿಷ ನಿಂತರೆ ಬಾಂಗ್ಲಾ, ಕನ್ನಡ ಎರಡೂ ಒಂದೇ ಬಾಯಲ್ಲಿ ಕೇಳುತ್ತೆ.

ಜಿನೀವಾ ಕ್ಯಾಂಪಿನ ಬಗ್ಗೆ ಇಲ್ಲಿ ಎರಡೇ ಸಾಲು ಬರೆದೆ, ಅದಕ್ಕೆ ಮುಂದಿನ ವಾರ ಬೇರೆ ಸರಣಿಯೇ ಬರುತ್ತೆ.