ಕೀಲೆಣ್ಣೆಯಿಂದ ಡಿಪ್‌ಸ್ಟಿಕ್‌ವರೆಗೆ: ಗಾಡಿ ಕೂಗುತ್ತಿತ್ತು, ಕಾರು ಕೂಗಲ್ಲ

ಹೊಸ ಕಾರು ಮನೆಗೆ ಬಂದ ದಿನ ಚಕ್ರದಡಿ ನಿಂಬೆಹಣ್ಣು ಇಡ್ತೀವಿ, ಹೂವಿನ ಹಾರ ಹಾಕ್ತೀವಿ, ರೀಲ್ಸ್ ಮಾಡ್ತೀವಿ. ಬಾನೆಟ್ ಎತ್ತಿ ಎಂಜಿನ್ ಆಯಿಲ್ ನೋಡೋರು ಎಷ್ಟು ಜನ? "ಹೊಸ ಕಾರಲ್ವಾ, ಸರ್ವಿಸ್‌ನಲ್ಲಿ ನೋಡ್ಕೋತಾರೆ ಬಿಡಿ" ಅಂತೀವಿ. ಈ ಧೈರ್ಯ ನಮಗೆ ಎಲ್ಲಿಂದ ಬಂತು? ಅದರ ಇತಿಹಾಸವನ್ನು ಇವತ್ತು ನಮ್ಮ ದುರ್ಗದ ಸೀಮೆಯಿಂದಲೇ ಶುರು ಮಾಡ್ತೀನಿ.

ಎಣ್ಣೆ ಈ ಸೀಮೆಗೆ ಹೊಸದಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಎಣ್ಣೆಕೊಳ, ತುಪ್ಪದ ಕೊಳ ಅನ್ನೋ ಹೆಸರುಗಳು ಇವತ್ತಿಗೂ ಇವೆ. ಪಕ್ಕದ ಚಳ್ಳಕೆರೆಗೆ ಎಣ್ಣೆ ನಗರಿ ಅಂತಲೇ ಹೆಸರು. ಆದರೆ ನಾನು ಹೇಳಬೇಕಿರೋದು ಅಡುಗೆ ಎಣ್ಣೆಯ ಕಥೆ ಅಲ್ಲ, ಕೀಲೆಣ್ಣೆಯ ಕಥೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಿಂದ ಸಂತೆಗೆ, ಜಾತ್ರೆಗೆ ಹೊರಡೋ ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದದ್ದೇ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಂದ ಮಾಡ್ತಿದ್ರು. ಮಂದ ಇದ್ದರೆ ಮಾತ್ರ ಅದು ಬಿಸಿಲಿಗೆ ಸೋರದೆ ಅಚ್ಚಿಗೆ ಅಂಟಿಕೊಂಡಿರುತ್ತೆ. ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ನೇತು ಹಾಕ್ತಿದ್ರು. ಎಣ್ಣೆ ಆರಿದರೆ ಗಾಲಿ ಕಿರ್ರೋ ಅಂತ ಊರಿಗೇ ಕೇಳೋ ಹಾಗೆ ಕೂಗುತ್ತಿತ್ತು. ಗಾಡಿ ನಿಲ್ಲಿಸಿ ಎಣ್ಣೆ ಹಚ್ಚಿದರೆ ಮುಗೀತು. ಅಂದರೆ ಎಚ್ಚರಿಕೆ ಮೊದಲು ಬರುತ್ತಿತ್ತು, ಹಾನಿ ಆಮೇಲೆ.

ಆಮೇಲೆ ರೈಲು ಬಂತು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ನಿಮಗೆ ಗೊತ್ತೇ ಇದೆ, ಚಿತ್ರದುರ್ಗದ ಕಡೆಗೆ ಹಳಿ ಕವಲೊಡೆಯೋದು ಅಲ್ಲೇ. ಉಗಿಬಂಡಿಯ ಕಾಲದಲ್ಲಿ ಎಂಜಿನ್ ನಿಂತಾಗೆಲ್ಲ ಉದ್ದ ಮೂತಿಯ ಎಣ್ಣೆಡಬ್ಬ ಹಿಡಿದು ಕೀಲುಕೀಲಿಗೂ ಎಣ್ಣೆ ಬಿಡೋದು ಡ್ರೈವರ್‌ಗಳ ಕೆಲಸದ ಭಾಗವೇ ಆಗಿತ್ತು. ಅಚ್ಚಿನ ಪೆಟ್ಟಿಗೆ ಬಿಸಿಯಾಗಿದೆಯಾ ಅಂತ ಕೈಯಿಟ್ಟು ನೋಡ್ತಿದ್ರು. ಗಾಡಿಯ ಕೂಗು ಹೋಗಿ ಕೈಯ ಸ್ಪರ್ಶ ಬಂತು.

ಇನ್ನು ಮೋಟಾರಿಗೆ ಬರೋಣ. ನಮ್ಮ ಹರಳೆಣ್ಣೆ ಇಲ್ಲೂ ಇದೆ! ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಆಯಿಲ್ ಕಂಪನಿ ಶುರು ಮಾಡಿದರು. 1909ರಲ್ಲಿ ಅವರ ಹೊಸ ಎಂಜಿನ್ ಆಯಿಲ್‌ಗೆ ಕ್ಯಾಸ್ಟ್ರಾಲ್ ಅಂತ ಹೆಸರು ಬಂದದ್ದು ಅದರಲ್ಲಿ ಬೆರೆಸಿದ್ದ ಕ್ಯಾಸ್ಟರ್ ಆಯಿಲ್‌ನಿಂದ, ಅಂದರೆ ನಮ್ಮ ಹರಳೆಣ್ಣೆಯಿಂದ.

ಅದೇ ಕಾಲದ ಕಾರು ಫೋರ್ಡ್ ಮಾಡೆಲ್ ಟಿ, 1908ರದ್ದು. ಅದರಲ್ಲಿ ಡಿಪ್‌ಸ್ಟಿಕ್ ಇರಲಿಲ್ಲ. ಎಂಜಿನ್ ತಳದಲ್ಲಿ ಮೇಲೊಂದು, ಕೆಳಗೊಂದು ಪುಟ್ಟ ನಲ್ಲಿ. ಕಾರಿನಡಿ ತೂರಿ ತಿರುಗಿಸಬೇಕು. ಕೆಳಗಿನ ನಲ್ಲಿಯಲ್ಲಿ ಆಯಿಲ್ ಬರದಿದ್ದರೆ ಅಪಾಯ, ಮೇಲಿನದರಲ್ಲಿ ಸುರಿದರೆ ಹೆಚ್ಚಾಗಿದೆ ಅಂತ ಅರ್ಥ. ಇವತ್ತಿನ ಡಿಪ್‌ಸ್ಟಿಕ್ ಮೇಲಿರೋ ಮಿನ್, ಮ್ಯಾಕ್ಸ್ ಗೆರೆಗಳು ಹೇಳೋದೂ ಅದೇ ಮಾತು.

ಅಂಬಾಸಿಡರ್ ಕಾಲದ ಡ್ರೈವರ್‌ಗಳು ಬೆಳಗ್ಗೆ ಬಾನೆಟ್ ಎತ್ತಿ ಆಯಿಲ್, ನೀರು ನೋಡಿಯೇ ಹೊರಡ್ತಿದ್ರು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಬರಬರುತ್ತಾ ಎಂಜಿನ್‌ಗಳು ನಾಜೂಕಾದವು, ಆಯಿಲ್ ಸುಧಾರಿಸಿತು, ಬದಲಿಸೋ ಅಂತರ 10,000 ಕಿ.ಮೀ.ಗೆ ಬಂತು. ಒಳ್ಳೆಯದೇ. ಆದರೆ ಬಾನೆಟ್ ಎತ್ತೋ ಅಭ್ಯಾಸ ಹೊರಟುಹೋಯ್ತು. ನಮ್ಮ ಧೈರ್ಯ ಬಂದದ್ದು ಇಲ್ಲಿಂದ.

ತೊಂದರೆ ಇರೋದೂ ಇಲ್ಲೇ. ಹೊಸ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಸರಿಯಾಗಿ ಕೂರೋವರೆಗೆ ಸ್ವಲ್ಪ ಆಯಿಲ್ ಉರಿದುಹೋಗುತ್ತೆ. 1,000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಖರ್ಚಾದರೆ ಅದು ಸಹಜ ಅಂತ ಕೆಲವು ಕಂಪನಿಗಳ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತೆ. ಡಿಪ್‌ಸ್ಟಿಕ್‌ನ ಎರಡು ಗೆರೆಗಳ ನಡುವೆ ಇರೋದು ಎಷ್ಟೋ ಕಾರುಗಳಲ್ಲಿ ಒಂದು ಲೀಟರ್ ಆಸುಪಾಸು ಮಾತ್ರ. ಹಲವು ಕಂಪನಿಗಳ ಮೊದಲ ಫ್ರೀ ಸರ್ವಿಸ್‌ನಲ್ಲಿ ಆಯಿಲ್ ಬದಲಿಸೋದೂ ಇಲ್ಲ. ನೀವೇ ಲೆಕ್ಕ ಹಾಕಿ.

"ಕಡಿಮೆಯಾದರೆ ಲೈಟ್ ಹತ್ತುತ್ತಲ್ಲ?" ಅಂತ ಕೇಳಬಹುದು. ಡ್ಯಾಶ್‌ಬೋರ್ಡ್‌ನ ಆ ಕೆಂಪು ಎಣ್ಣೆಡಬ್ಬದ ಚಿತ್ರ ಸಾಮಾನ್ಯವಾಗಿ ಹೇಳೋದು ಆಯಿಲ್‌ನ ಒತ್ತಡ, ಮಟ್ಟ ಅಲ್ಲ. ಅದು ಹತ್ತೋ ಹೊತ್ತಿಗೆ ಬೇರಿಂಗ್‌ಗೆ ಆಯಿಲ್ ಸಾಲದೆ ಹಾನಿ ಶುರುವಾಗಿರಬಹುದು. ಹಿರಿಯೂರು ದಾಟಿ ಹೆದ್ದಾರಿ 48ರಲ್ಲಿ ಬಿಸಿಲಲ್ಲಿ ಹೋಗ್ತಿರುವಾಗ ಅದು ಹತ್ತಿದರೆ, ಚಿತ್ರದುರ್ಗ ಇನ್ನೇನು ಬಂತು ಅಂತ ಓಡಿಸಬೇಡಿ. ಸುರಕ್ಷಿತವಾಗಿ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಎಂಜಿನ್ ಸೀಜ್ ಆದರೆ ಬಿಲ್ಲು ಸುಲಭವಾಗಿ ಲಕ್ಷ ದಾಟುತ್ತೆ. ನಿರ್ಲಕ್ಷ್ಯದಿಂದ ಆಯ್ತು ಅಂತಾದರೆ ವಾರಂಟಿಯೂ ಕೈಕೊಡಬಹುದು.

ಹಾಗಾದರೆ ನೋಡೋದು ಹೇಗೆ? ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಐದು-ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆದು ನೋಡಿ. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ಕಡಿಮೆ ಇದ್ದರೆ ಮ್ಯಾನ್ಯುಯಲ್ ಹೇಳಿದ ಗ್ರೇಡನ್ನೇ ಸ್ವಲ್ಪ ಸ್ವಲ್ಪ ಹಾಕಿ. 0ಡಬ್ಲ್ಯು-20 ಕೇಳೋ ಎಂಜಿನ್‌ಗೆ ಮಂದ ಆಯಿಲ್ ಸುರಿದರೆ ಒಳ್ಳೇದಾಗುತ್ತೆ ಅನ್ನೋದು ಕೀಲೆಣ್ಣೆ ಕಾಲದ ಲೆಕ್ಕ. ಮ್ಯಾಕ್ಸ್ ದಾಟಿಸಲೂಬೇಡಿ, ಆಯಿಲ್ ನೊರೆಯಾಗುತ್ತೆ.

ಬಿಎಸ್-6 ಡೀಸೆಲ್ ಕಾರು ಇದ್ದು ಊರೊಳಗೇ ಪುಟ್ಟಪುಟ್ಟ ಓಡಾಟ ಮಾಡೋರಿಗೆ ಇನ್ನೊಂದು ಮಾತು. ಹೊಗೆ ಫಿಲ್ಟರ್ ತನ್ನನ್ನು ಸುಟ್ಟು ಶುಚಿ ಮಾಡಿಕೊಳ್ಳುವಾಗ ಡೀಸೆಲ್ ಆಯಿಲ್‌ಗೆ ಸೇರಿ ಮಟ್ಟ ಏರಬಹುದು. ಏರಿದ್ದು ಕಂಡರೂ ಸರ್ವಿಸ್‌ನವರಿಗೆ ತೋರಿಸಿ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಅಂತ ಗಾದೆ ಇದೆ. ನಾನು ಹೇಳೋದು ಇಷ್ಟೇ, ಎಣ್ಣೆ ಹೋಗುವಾಗಲೂ ಕಣ್ಣು ಮುಚ್ಚಬೇಡಿ. ಸಾವಿರ ಕಿಲೋಮೀಟರ್‌ಗೊಮ್ಮೆ, ದೂರದ ಊರಿಗೆ ಹೊರಡೋ ಮುಂಚೆ ಒಮ್ಮೆ, ಬಾನೆಟ್ ಎತ್ತಿ. ಕೂಗಿ ಹೇಳೋ ಗಾಡಿ ಈಗ ಇಲ್ಲ, ನಾವೇ ಕೇಳಬೇಕು.