ಪಾಪ್ಲರ್ ಸ್ನಾನಗೃಹದ ಜೀರ್ಣೋದ್ಧಾರ

ವಾಪೀಕೂಪತಟಾಕಾದಿಗಳ ನಿರ್ಮಾಣವನ್ನು ನಮ್ಮ ಧರ್ಮಶಾಸ್ತ್ರಕಾರರು ಪೂರ್ತವೆಂದು ಕರೆದಿರುವುದು ವಿದ್ವಾಂಸರಿಗೆ ವಿದಿತವೇ ಇದೆ. ತಾನು ಕೊಟ್ಟುದಕ್ಕಿಂತ ಪರರು ಕೊಟ್ಟುದನ್ನು ಕಾಪಾಡುವುದರಲ್ಲಿ ಇಮ್ಮಡಿ ಪುಣ್ಯವುಂಟೆಂಬ ಮಾತು ನಮ್ಮ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ. ಆದರೆ ಜೀರ್ಣವಾದುದನ್ನು ಉದ್ಧರಿಸುವಾಗ ಉಳಿಯಬೇಕಾದುದು ಯಾವುದು? ಗೋಡೆಕಮಾನುಗಳೆ, ಅಥವಾ ಆ ಕಟ್ಟಡವು ಯಾರಿಗಾಗಿ ಹುಟ್ಟಿತೋ ಅವರಿಗೆ ಅದರಲ್ಲಿದ್ದ ಪಾಲೆ? ಮುಪ್ಪಾದ ಸಾರ್ವಜನಿಕ ವಿಹಾರಗೃಹಗಳನ್ನು ಅಲ್ಪಾದಾಯದವರ ವಸತಿಗಳೊಡನೆ ಕೂಡಿಸಿ ಮರಳಿ ಕಟ್ಟುವ ಪದ್ಧತಿಯು ಈಚೆಗೆ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದಿದೆ. ಅದಕ್ಕೊಂದು ಒಳ್ಳೆಯ ನಿದರ್ಶನವಾದ, ಪೂರ್ವ ಲಂಡನ್ನಿನ ಪಾಪ್ಲರ್ ಸ್ನಾನಗೃಹದ ಚರಿತ್ರೆಯ ಮೂಲಕ ಈ ಪ್ರಶ್ನೆಯನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪಾಪ್ಲರ್ ಎಂಬುದು ಥೇಮ್ಸ್ ನದಿಯ ದಡದಲ್ಲಿ ಹಡಗುಕಟ್ಟೆಗಳಿಂದ ಬೆಳೆದ ಊರು. ೧೮೦೨ರಲ್ಲಿ ವೆಸ್ಟ್ ಇಂಡಿಯಾ ಕಟ್ಟೆಯೂ ೧೮೦೬ರಲ್ಲಿ ಈಸ್ಟ್ ಇಂಡಿಯಾ ಕಟ್ಟೆಯೂ ತೆರೆದುವು. ನಮ್ಮ ದೇಶದ ಸರಕು ಬಂದಿಳಿಯುತ್ತಿದ್ದ ಆ ಕಟ್ಟೆಯ ಹೆಸರನ್ನೇ ಹೊತ್ತ ಈಸ್ಟ್ ಇಂಡಿಯಾ ಡಾಕ್ ರಸ್ತೆಯಲ್ಲಿಯೇ ಈ ಸ್ನಾನಗೃಹವಿದೆ. ಸರಕು ಹೊರುವ ಕೂಲಿಗಳ ಕಿರುಮನೆಗಳಲ್ಲಿ ಬಚ್ಚಲೆಂಬುದೇ ಇರಲಿಲ್ಲ. ಮನೆಯಲ್ಲಿ ಇಲ್ಲದುದನ್ನು ಊರು ಒದಗಿಸಬೇಕಾಯಿತು. ಸ್ನಾನಗೃಹದ ಮೂಲಕಾರಣವು ವಸತಿಯ ಕೊರತೆಯೇ ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

೧೮೩೨ರಲ್ಲಿ ಲಿವರ್‌ಪೂಲ್ ನಗರಕ್ಕೆ ಕಾಲರಾ ಬಂದಾಗ ಕಿಟ್ಟಿ ವಿಲ್ಕಿನ್‌ಸನ್ ಎಂಬ ಬಡ ಹೆಂಗಸು ತನ್ನ ಮನೆಯ ಹಂಡೆಯಲ್ಲಿ ನೆರೆಹೊರೆಯವರ ಬಟ್ಟೆಬರೆಗಳನ್ನು ಕುದಿಸಿ ಶುದ್ಧಿಮಾಡಿಕೊಳ್ಳಲು ಅವಕಾಶಕೊಟ್ಟಳು. ೧೮೪೨ರಲ್ಲಿ ಆ ನಗರದ ಪೌರಸಭೆಯವರು ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಒಂದು ಸಾರ್ವಜನಿಕ ಗೃಹವನ್ನು ತೆರೆದರು. ತರುವಾಯ ೧೮೪೬ರಲ್ಲಿ ಇಂಥ ಗೃಹಗಳನ್ನು ಕಟ್ಟಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರವನ್ನೀಯುವ ಶಾಸನವು ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಯಿತು. ಅದರ ಎರಡು ವಿಧಿಗಳು ವಿಶೇಷವಾಗಿ ಗಮನಾರ್ಹವಾಗಿವೆ. ಒಂದು: ಶ್ರಮಜೀವಿಗಳಿಗೆಂದು ಇಡುವ ಸ್ನಾನದ ತೊಟ್ಟಿಗಳ ಸಂಖ್ಯೆಯು ಮೇಲ್ತರಗತಿಯ ತೊಟ್ಟಿಗಳ ಸಂಖ್ಯೆಯ ಇಮ್ಮಡಿಗೆ ಕಡಮೆಯಾಗಿರಕೂಡದು. ಎರಡು: ಕೆಳತರಗತಿಯಲ್ಲಿ ತಣ್ಣೀರ ಸ್ನಾನಕ್ಕೆ ಒಂದು ಪೆನ್ನಿಯನ್ನೂ ಬಿಸಿನೀರ ಸ್ನಾನಕ್ಕೆ ಎರಡು ಪೆನ್ನಿಯನ್ನೂ ಮೀರಿ ತೆಗೆದುಕೊಳ್ಳಕೂಡದು. ಬಡವನ ಪಾಲೆಷ್ಟು, ಅವನು ತೆರಬೇಕಾದುದೆಷ್ಟು ಎಂಬೆರಡನ್ನೂ ಶಾಸನವೇ ಅಂಕೆಗಳಲ್ಲಿ ನಿರ್ಣಯಿಸಿಬಿಟ್ಟಿತು. ಪಾಪ್ಲರಿನ ಮೊದಲ ಸ್ನಾನಗೃಹವು ೧೮೫೨ರಲ್ಲಿ ತೆರೆದುದು ಈ ಶಾಸನದ ಆಶ್ರಯದಲ್ಲಿಯೇ.

ಶುಚಿತ್ವಕ್ಕಾಗಿ ಹುಟ್ಟಿದ ಗೃಹವು ಕ್ರಮೇಣ ವಿನೋದದ ಗೃಹವಾಯಿತು. ಹೊದಿಕೆಯುಳ್ಳ ಈಜುಕೊಳಗಳನ್ನು ಕಟ್ಟಲೂ, ಚಳಿಗಾಲದಲ್ಲಿ ಅವುಗಳನ್ನು ಮುಚ್ಚಿ ವ್ಯಾಯಾಮಾದಿಗಳಿಗೆ ಬಳಸಲೂ ೧೮೭೮ರ ಶಾಸನವು ಅನುಮತಿಯಿತ್ತಿತು. ಆಂಗ್ಲಭಾಷೆಯಲ್ಲಿ ಈಜುಕೊಳಕ್ಕೂ ಬಹುಕಾಲ ‘ಬಾತ್’ ಎಂಬ ಹೆಸರೇ ಸಂದಿತು. ಅರ್ಥವು ಮುಂದೆ ಸಾಗಿದರೂ ಶಬ್ದವು ಹುಟ್ಟಿದ ಮನೆಯನ್ನು ಮರೆಯಲಿಲ್ಲ.

ಪಾಪ್ಲರಿನ ಪೌರಸಭೆಯು ಬಡವರ ಪಕ್ಷವನ್ನು ಹಿಡಿದುದಕ್ಕೆ ಪ್ರಸಿದ್ಧವಾದುದು. ೧೯೨೧ರಲ್ಲಿ ಜಾರ್ಜ್ ಲ್ಯಾನ್ಸ್‌ಬರಿಯೇ ಮೊದಲಾದ ಮೂವತ್ತು ಮಂದಿ ಸದಸ್ಯರು, ಬಡ ಊರಿಗೂ ಸಿರಿವಂತ ಊರಿಗೂ ನ್ಯಾಯವಲ್ಲದ ರೀತಿಯಲ್ಲಿ ಹೊರೆ ಬೀಳುತ್ತಿದೆಯೆಂದು ಲಂಡನ್ನಿನ ಮೇಲ್ಸಂಸ್ಥೆಗಳಿಗೆ ಕಂದಾಯವನ್ನು ಸಲ್ಲಿಸದೆ ಸೆರೆಮನೆಗೆ ಹೋದರು. ಬಡವರ ಪೋಷಣೆಯ ವೆಚ್ಚವನ್ನು ಇಡೀ ಲಂಡನ್ ಹಂಚಿಕೊಳ್ಳುವ ಶಾಸನವು ಅದೇ ವರ್ಷ ಬಂದಿತು. ೧೯೩೧ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಮಹಾತ್ಮ ಗಾಂಧಿಯವರು ಇಳಿದುಕೊಂಡ ಕಿಂಗ್ಸ್‌ಲಿ ಹಾಲ್ ಕೂಡ ಈ ಪೌರಸಭೆಯ ಎಲ್ಲೆಯೊಳಗಿನ ಬೋ ಎಂಬಲ್ಲಿಯೇ ಇತ್ತು. ಇಂಥ ಊರಿನಲ್ಲಿ ಹಾರ್ಲೆ ಹೆಕ್‌ಫರ್ಡ್ ಮತ್ತು ಆರ್. ಡಬ್ಲ್ಯು. ಸ್ಟಾಂಟನ್ ಎಂಬವರ ಯೋಜನೆಯಂತೆ ಸ್ನಾನಗೃಹವು ಹೊಸದಾಗಿ ಕಟ್ಟಲ್ಪಟ್ಟು ೧೯೩೪ರಲ್ಲಿ ತೆರೆಯಿತು. ಕಾಂಕ್ರೀಟಿನ ಮಹಾಕಮಾನುಗಳ ಕೆಳಗಿದ್ದ ದೊಡ್ಡ ಕೊಳದ ಮೇಲೆ ಹಲಗೆ ಹಾಸಿದರೆ ಅದೇ ೧೪೦೦ ಮಂದಿ ಕುಳಿತುಕೊಳ್ಳಬಹುದಾದ ರಂಗಮಂದಿರವಾಗುತ್ತಿತ್ತು. ನೃತ್ಯ, ಚಲಚ್ಚಿತ್ರ, ಮಲ್ಲಯುದ್ಧಗಳು ಅಲ್ಲಿಯೇ ನಡೆದುವು. ತೊಟ್ಟಿಸ್ನಾನವೂ ಹಬೆಸ್ನಾನವೂ ಆಗಲೂ ನಿಲ್ಲಲಿಲ್ಲ.

ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಗಾಯಗೊಂಡ ಈ ಕಟ್ಟಡವು ೧೯೪೭ರಲ್ಲಿ ಮರಳಿ ತೆರೆಯಿತು. ೧೯೫೪ರಿಂದ ೧೯೫೯ರವರೆಗೆ ವರ್ಷಕ್ಕೆ ಸರಾಸರಿ ೨,೨೫,೭೦೦ ಮಂದಿ ಅದನ್ನು ಬಳಸಿದರು. ಮುಂದೆ ಅದರ ಇಳಿಗಾಲ. ಲ್ಯಾನ್ಸ್‌ಬರಿ ಬಡಾವಣೆಯಂಥ ಪೌರವಸತಿಗಳಲ್ಲಿ ಮನೆಗೊಂದು ಬಚ್ಚಲು ಬಂದಿತು. ೧೯೬೭ರಲ್ಲಿ ಈಸ್ಟ್ ಇಂಡಿಯಾ ಕಟ್ಟೆಯೂ ೧೯೮೦ರಲ್ಲಿ ವೆಸ್ಟ್ ಇಂಡಿಯಾ ಕಟ್ಟೆಯೂ ಮುಚ್ಚಿ ಕೂಲಿಗಳ ಜೀವನಾಧಾರವೇ ಹೋಯಿತು. ೧೯೮೮ರಲ್ಲಿ ಸ್ನಾನಗೃಹದ ಬಾಗಿಲೂ ಮುಚ್ಚಿತು. ಅದು ಕೇವಲ ಅನಾದರದಿಂದ ಹಾಳಾಯಿತೆನ್ನುವುದು ಅರೆಸತ್ಯ. ಯಾವ ಕೊರತೆಯನ್ನು ನೀಗಲು ಅದು ಹುಟ್ಟಿತೋ ಆ ಕೊರತೆಯು ನೀಗಿದುದೂ ಅದರ ಅವನತಿಗೆ ಕಾರಣವೇ.

೨೦೦೧ರಲ್ಲಿ ಕಟ್ಟಡವು ರಕ್ಷಿತ ವಾಸ್ತುಗಳ ಪಟ್ಟಿಗೆ ಸೇರಿತು. ಊರಿನವರು ಅದಕ್ಕಾಗಿ ಬಹುಕಾಲ ಹೋರಾಡಿದರು. ಅಷ್ಟರಲ್ಲಿ ವಸತಿಯ ಕೊರತೆಯು ಬೇರೆ ರೂಪದಲ್ಲಿ ಹಿಂದಿರುಗಿತ್ತು. ೧೯೮೦ರ ಶಾಸನದಿಂದ ಪೌರಸಭೆಗಳ ಬಾಡಿಗೆಮನೆಗಳು ಅಗ್ಗದ ಬೆಲೆಗೆ ಮಾರಾಟವಾಗತೊಡಗಿದ್ದುವು. ಹಳೆಯ ಹಡಗುಕಟ್ಟೆಯ ಮೇಲೆ ಕೆನರಿ ವಾರ್ಫಿನ ವಾಣಿಜ್ಯಗೋಪುರಗಳೆದ್ದು ಸುತ್ತಣ ಮನೆಗಳ ಬೆಲೆಯು ಏರಿತ್ತು. ಕೊನೆಗೆ ಟವರ್ ಹ್ಯಾಮ್ಲೆಟ್ಸ್ ಪೌರಸಭೆಯು ಜೀರ್ಣೋದ್ಧಾರವನ್ನೂ ವಸತಿನಿರ್ಮಾಣವನ್ನೂ ಒಂದೇ ಯೋಜನೆಯಲ್ಲಿ ಕೂಡಿಸಿತು. ಸ್ನಾನಗೃಹದ ನಿವೇಶನದಲ್ಲಿ ೬೦, ಸ್ಟೆಪ್ನಿಯಲ್ಲಿ ೪೦, ಹೀಗೆ ನೂರು ಬಾಡಿಗೆಮನೆಗಳು ಅದರಲ್ಲಿ ಸೇರಿದುವು. ೨೦೧೬ರಲ್ಲಿ ಈಜುಕೊಳ, ವ್ಯಾಯಾಮಶಾಲೆಗಳೊಡನೆ ಗೃಹವು ಮರಳಿ ತೆರೆಯಿತು. ಕಮಾನುಗಳ ಮಹಾಶಾಲೆಯೂ ಉಳಿಯಿತು.

ಇಲ್ಲಿ ಒಂದು ಪೂರ್ವಪಕ್ಷವುಂಟು. ವಿಹಾರಸ್ಥಾನವು ಸರ್ವರದು, ಮನೆಯಾದರೋ ಒಂದೊಂದು ಕುಟುಂಬದ್ದು. ಸರ್ವರ ನೆಲದಲ್ಲಿ ಕೆಲವರಿಗೆ ಮನೆ ಕಟ್ಟುವುದು ಪೂರ್ತಧರ್ಮಕ್ಕೆ ವಿರುದ್ಧವಲ್ಲವೆ? ಈ ಆಕ್ಷೇಪವು ಲಘುವಾದುದಲ್ಲ. ಒಮ್ಮೆ ಮನೆಯಾದ ನೆಲವು ಮತ್ತೆ ಸರ್ವರದಾಗುವುದು ದುರ್ಲಭ. ಆದರೆ ಪಾಪ್ಲರಿನ ಚರಿತ್ರೆಯು ತೋರಿಸುವಂತೆ ಸ್ನಾನಗೃಹವೂ ಮನೆಯೂ ಆದಿಯಿಂದಲೇ ಒಂದೇ ಪ್ರಯೋಜನದ ಎರಡು ಅಂಗಗಳು. ಆದಕಾರಣ ಅವುಗಳ ಸಂಯೋಗದಲ್ಲಿ ದೋಷವಿಲ್ಲ. ದೋಷವಿರಬಹುದಾದುದು ಅಳತೆಗೋಲಿನಲ್ಲಿ.

ಇಂದಿನ ಆಂಗ್ಲ ಆಡಳಿತದಲ್ಲಿ ‘ಕೈಗೆಟಕುವ ಮನೆ’ ಎಂಬುದು ಪಾರಿಭಾಷಿಕ ಶಬ್ದವಾಗಿದೆ. ೨೦೧೧ರಿಂದ ಬಳಕೆಗೆ ಬಂದ ಒಂದು ವರ್ಗದಲ್ಲಿ ಮಾರುಕಟ್ಟೆಯ ಬಾಡಿಗೆಯ ನೂರಕ್ಕೆ ಎಂಬತ್ತರವರೆಗೆ ತೆಗೆದುಕೊಂಡರೂ ಮನೆಯು ಕೈಗೆಟಕುವುದೆಂದೇ ಎನಿಸಿಕೊಳ್ಳುತ್ತದೆ. ೧೮೪೬ರವರು ಬಡವನ ಕೈಯಿಂದ ಅಳೆದರು. ಈ ವ್ಯಾಖ್ಯೆಯು ಮಾರುಕಟ್ಟೆಯ ಎತ್ತರದಿಂದ ಅಳೆಯುತ್ತದೆ. ಮಾರುಕಟ್ಟೆಯು ಆಕಾಶಕ್ಕೇರಿದ ಕಡೆ ಅದರ ಐದರಲ್ಲಿ ನಾಲ್ಕು ಪಾಲೂ ಕೂಲಿಯ ಕೈಗೆಟಕದು. ಶಬ್ದವು ಉಳಿದು ಅರ್ಥವು ಹೋದಂತಾಯಿತು. ಪಾಪ್ಲರಿನ ನೂರು ಮನೆಗಳು ಪೌರಸಭೆಯ ಕಡಮೆ ಬಾಡಿಗೆಯವಾದುದರಿಂದಲೇ ಅದನ್ನು ನಿಜವಾದ ಜೀರ್ಣೋದ್ಧಾರವೆನ್ನಲು ಅವಕಾಶವಿದೆ.

ಹಳೆಯ ವಿಹಾರಗೃಹವೊಂದು ವಸತಿಗಳೊಡನೆ ಮರಳಿ ಕಟ್ಟಲ್ಪಟ್ಟಿತೆಂದು ಕೇಳಿದಾಗ, ಗೋಡೆಗಳು ಉಳಿದುವೆ ಎಂಬುದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಬೇಕು: ಬಡವರ ಪಾಲೆಷ್ಟು? ಅವರು ತೆರಬೇಕಾದುದೆಷ್ಟು? ಇವೆರಡಕ್ಕೆ ಅಂಕೆಗಳಲ್ಲಿ ಉತ್ತರವು ದೊರೆಯದಿದ್ದರೆ ಅದು ನೂತನನಿರ್ಮಾಣವಾದೀತು, ಜೀರ್ಣೋದ್ಧಾರವಾಗಲಾರದು.