ಗಾಳಿವಿದ್ಯುತ್ತಿನ ಮುನ್ಸೂಚನೆ: ಒಂದು ಆಧಾರದ ಪರಿಶೀಲನೆ

ಗಾಳಿಯಂತ್ರಗಳಿಂದ ನಾಳೆ ಎಷ್ಟು ವಿದ್ಯುತ್ತು ದೊರೆತೀತೆಂಬುದನ್ನು ಮುಂದಾಗಿ ಅಳೆಯುವ ಕಾರ್ಯದಲ್ಲಿ ಕೃತಕ ಬುದ್ಧಿಮತ್ತೆಯು ಕ್ರಾಂತಿಯನ್ನೇ ಮಾಡಿತೆನ್ನುವವರು ಸಾಮಾನ್ಯವಾಗಿ ಉದಾಹರಿಸುವುದು ಗೂಗಲ್ ಮತ್ತು ಡೀಪ್‌ಮೈಂಡ್ ಸಂಸ್ಥೆಗಳ 2019ರ ಫೆಬ್ರವರಿಯ ಪ್ರಕಟನೆಯನ್ನು. ಅಮೆರಿಕದ ಮಧ್ಯಭಾಗದಲ್ಲಿನ 700 ಮೆಗಾವಾಟ್ ಸಾಮರ್ಥ್ಯದ ಗಾಳಿಯಂತ್ರಗಳ ಉತ್ಪಾದನೆಯನ್ನು 36 ಗಂಟೆಗಳ ಮುಂಚೆಯೇ ಅಂದಾಜು ಮಾಡಿ, ಆ ವಿದ್ಯುತ್ತಿನ ಮೌಲ್ಯವನ್ನು ಸುಮಾರು ಶೇಕಡ 20ರಷ್ಟು ಹೆಚ್ಚಿಸಿದುದಾಗಿ ಅವು ತಿಳಿಸಿದವು.

ಆಧಾರವನ್ನು ಪರೀಕ್ಷಿಸದೆ ಅಂಗೀಕರಿಸುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕುದಲ್ಲ. ಈ 20 ಯಾವುದಕ್ಕೆ ಹೋಲಿಸಿದ 20? ಇಂಥ ಹೊತ್ತಿಗೆ ಇಷ್ಟು ವಿದ್ಯುತ್ತನ್ನು ಕೊಡುವೆವೆಂಬ ಮುಂಗಡ ವಾಗ್ದಾನವೇ ಇಲ್ಲದ ಸ್ಥಿತಿಗೆ ಹೋಲಿಸಿದುದು. ಹಿಂದಿನ ಯಾವ ಮುನ್ಸೂಚನಾ ಕ್ರಮಕ್ಕೂ ಅಲ್ಲ. ಹೆಚ್ಚಿದುದಾದರೂ ವಿದ್ಯುತ್ತಿನ ಬೆಲೆಯೇ ಹೊರತು ಪ್ರಮಾಣವಲ್ಲ. ಹೇಳಿದವರು ಸ್ವತಃ ಫಲಾನುಭವಿಗಳೆಂಬುದನ್ನೂ ಮರೆಯಲಾಗದು.

ಮೇಲಾಗಿ, ಆ ಗಣಕವು ಕಲಿತುದು ಗಾಳಿಯಂತ್ರಗಳ ಹಳೆಯ ದಾಖಲೆಗಳಿಂದ ಮತ್ತು ಬಳಕೆಯಲ್ಲಿದ್ದ ಹವಾಮಾನ ಮುನ್ಸೂಚನೆಗಳಿಂದ. ಈ ಮುನ್ಸೂಚನೆಗಳ ಹಿಂದೆ ಒಂದು ಶತಮಾನದ ಗಣಿತವಿದೆ. ಆಂಗ್ಲ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ನನು 1910ರ ಮೇ 20ರ ಹವೆಯಲ್ಲಿ 6 ಗಂಟೆಗಳೊಳಗೆ ಆಗಬೇಕಾದ ಬದಲಾವಣೆಯನ್ನು ಕೈಲೆಕ್ಕದಿಂದಲೇ ಗಣಿಸಿದನು. ವಾಯುಭಾರವು 145 ಮಿಲಿಬಾರ್ ಏರಬೇಕೆಂದು ಉತ್ತರ ಬಂದಿತು. ವಾಸ್ತವದಲ್ಲಿ ಅದು ಹೆಚ್ಚುಕಡಮೆ ಕದಲಿಯೇ ಇರಲಿಲ್ಲ! ಈ ಸೋಲನ್ನು ಬಚ್ಚಿಡದೆ 1922ರ ತನ್ನ ಗ್ರಂಥದಲ್ಲಿ ಅಚ್ಚುಹಾಕಿಸಿದ ಅವನ ಪ್ರಾಮಾಣಿಕತೆಯು ಸ್ತುತ್ಯವಾದುದು. 1950ರಲ್ಲಿ ಎನಿಯಾಕ್ ಎಂಬ ಗಣಕಯಂತ್ರವು 24 ಗಂಟೆಗಳ ಮುನ್ಸೂಚನೆಗೆ ಸುಮಾರು ಅಷ್ಟೇ ಗಂಟೆಗಳನ್ನು ತೆಗೆದುಕೊಂಡಿತು.

ಹಾಗಾದರೆ ಹೊಸತೇನು? ಗಾಳಿಯಲ್ಲಿನ ಶಕ್ತಿಯು ವೇಗದ ಘನವನ್ನು ಅನುಸರಿಸುತ್ತದೆ. ವೇಗವನ್ನು ಶೇಕಡ 10ರಷ್ಟು ಹೆಚ್ಚಾಗಿ ಎಣಿಸಿದರೆ ಶಕ್ತಿಯ ಲೆಕ್ಕವು ಶೇಕಡ 33ರಷ್ಟು ಮಿಕ್ಕುತ್ತದೆ. ಹವೆಯ ಸೂಚನೆಯನ್ನು ವಿದ್ಯುತ್ತಿನ ಲೆಕ್ಕಕ್ಕೆ ಇಳಿಸುವ ಈ ಕೊನೆಯ ಮೆಟ್ಟಿಲಲ್ಲಿಯೇ ಕಲಿಯುವ ಗಣಕದ ಪಾತ್ರವಿರುವುದು.